ಬಾಗಿಲು ತೆರೆದಿದ್ದರೆ ಸಾಕೇ?

 

ಬಂಧುಗಳೇ, ಬಾಬಾಸಾಹೇಬರ ‘ಜಾತಿ ವಿನಾಶ’ದಲ್ಲಿ (1936) ಒಂದು ವಿಜ್ಞಾನದ ಪದ ಬರುತ್ತದೆ: ಎಂಡಾಸ್ಮೋಸಿಸ್. ಜೀವಕೋಶದ ತೆಳು ಪೊರೆ ದಾಟಿ ನೀರು ಒಳಸೇರುವುದು ಅಂತ ಅರ್ಥ. 1919ರಲ್ಲಿ ಸೌತ್‌ಬರೋ ಸಮಿತಿಯ ಮುಂದೆಯೂ ಅವರು ಇದೇ ಪದ ಬಳಸಿದ್ದರು. ಕೊಲಂಬಿಯಾದ ಅವರ ಗುರು ಜಾನ್ ಡ್ಯೂಯಿ ಬರಹದಲ್ಲೂ ಇದು ಇದೆ.

“ಕೋಶಕ್ಕೂ ಗಡಿ ಇದೆಯಲ್ಲ, ಹಾಗಾದರೆ ಜಾತಿಯೂ ಸಹಜವೇ” ಅನ್ನುವ ಜಾಣರಿದ್ದಾರೆ. ಪೊರೆ ಆರಿಸಿಕೊಳ್ಳುತ್ತದೆ, ನಿಜ. ಆದರೆ ನೀರು ಯಾರ ಕೆರೆಯದು ಅಂತ ಕೇಳುವುದಿಲ್ಲ. ಪೂರ್ತಿ ಮುಚ್ಚಿಕೊಂಡ ಕೋಶ ಸಾಯುತ್ತದೆ.

ನನ್ನನ್ನು ಹೆಚ್ಚು ಕಾಡುವುದು ನಮ್ಮ ನವಲಗುಂದ ಕಡೆಯ ಸವಳು ಹೊಲ. ಮಲಪ್ರಭಾ ಕಾಲುವೆಯ ನೀರು ನಿಂತು ಉಪ್ಪು ಮೇಲೆದ್ದ ಎರಿಯಲ್ಲಿ ನೆಲ ಹಸಿಯಾಗಿಯೇ ಇರುತ್ತದೆ, ಬೆಳೆ ಮಾತ್ರ ಬಾಡುತ್ತದೆ. ಬೇರಿನ ಕೋಶದ ಬಾಗಿಲೇನೂ ಮುಚ್ಚಿಲ್ಲ. ಹೊರಗಿನ ಉಪ್ಪು ನೀರನ್ನು ತನ್ನತ್ತ ಹಿಡಿದಿಡುತ್ತದೆ, ಅಷ್ಟೇ.

ಸಂವಿಧಾನದ 15ನೇ ವಿಧಿ ಹೋಟೆಲು, ಬಾವಿ, ಕೆರೆ ಎಲ್ಲರಿಗೂ ತೆರೆದಿದೆ. ಆದರೂ ಹೋಟೆಲಿನ ಒಳಗೆ ಹೋದ ನಮ್ಮ ಹುಡುಗ ಮೂಲೆಯ ಬೆಂಚನ್ನೇ ಯಾಕೆ ಹುಡುಕುತ್ತಾನೆ? ಅಂಜಿಕೆ ಅವನದಲ್ಲ, ಸುತ್ತಲಿನ ನೋಟದ್ದು.

ಸವಳು ತೆಗೆಯಲು ಬಸಿಗಾಲುವೆ ತೋಡುತ್ತಾರೆ. ಒಬ್ಬನ ಹೊಲದಲ್ಲಿ ತೋಡಿದರೆ ಆಗುವುದಿಲ್ಲ. ಆ ನೀರು ಪಕ್ಕದವರ ಹೊಲ ದಾಟಿ ಹಳ್ಳ ಸೇರಬೇಕು, ಅದಕ್ಕೆ ಪಕ್ಕದವರು ಒಪ್ಪಬೇಕು.