ಲಾಭವಿದ್ದರೂ ಬೇಡವೆನ್ನುವುದೇಕೆ?

ಹೊಸೂರಿನಿಂದ ಕೃಷ್ಣಗಿರಿಯ ಕಡೆಗೆ ಸಾಗುವ ಹೆದ್ದಾರಿಯ ಬದಿಯಲ್ಲಿ ವಾಹನ ದುರಸ್ತಿಯ ಅಂಗಡಿಗಳಿಗೆ ಕೊರತೆಯಿಲ್ಲ. ಕನ್ನಡ, ತಮಿಳು, ತೆಲುಗು ಮೂರರಲ್ಲಿಯೂ ವ್ಯವಹರಿಸುವ ನಮ್ಮ ಮೆಕ್ಯಾನಿಕ್‌ಗಳಲ್ಲಿ ಹಲವರು ಯಾವ ಭಾಷೆಯಲ್ಲಿ ಕೇಳಿದರೂ ಕೊಡುವ ಸಲಹೆ ಒಂದೇ: "ಹೊಗೆಕೊಳವೆಯಲ್ಲಿರುವ ಆ ಡಬ್ಬಿಯನ್ನು ತೆಗೆಸಿಬಿಡಿ, ಗಾಡಿ ಹಾರುತ್ತದೆ." ಕಳೆದ ದೀಪಾವಳಿಯ ಹೊತ್ತಿಗೆ ನನ್ನ ತಂಗಿಯ ಮಗ ಎರಡು ಮೂರು ವರ್ಷ ಓಡಿದ ಡೀಸೆಲ್ ಕಾರೊಂದನ್ನು ಕೊಂಡು, ಈ ಸಲಹೆಯನ್ನು ಹೊತ್ತು ನನ್ನಲ್ಲಿಗೆ ಬಂದ. "ಮಾವ, ತೆಗೆಸಿದರೆ ಎಂಜಿನ್ನಿಗೆ ನಿಜವಾಗಿಯೂ ಶಕ್ತಿ ಬರುತ್ತದೆಯೇ?" ಎಂದು ಕೇಳಿದ.

ನನ್ನನ್ನೇ ಏಕೆ ಕೇಳಿದನೆಂದರೆ, ಈ ಕೆಲಸವನ್ನು ನಾನೂ ಒಮ್ಮೆ ಮಾಡಿಸಿದ್ದೆ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನನ್ನಲ್ಲಿದ್ದ ಹಳೆಯ ಪೆಟ್ರೋಲ್ ಕಾರು ಏರಿನಲ್ಲಿ ಏದುತ್ತಿತ್ತು. ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡಿದೆಯೆಂದು ಮೆಕ್ಯಾನಿಕ್ ಅದನ್ನು ಕತ್ತರಿಸಿ ತೆಗೆದು, ಆ ಜಾಗಕ್ಕೆ ಬರಿಯ ಕೊಳವೆಯನ್ನು ಬೆಸೆದ. ಕೂಲಿ ಕೇಳಲಿಲ್ಲ, "ಹಳೆಯದನ್ನು ನನಗೇ ಬಿಡಿ ಸಾರ್" ಎಂದಷ್ಟೇ ಹೇಳಿದ. ಅದರೊಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂಗಳಂತಹ ಬೆಲೆಬಾಳುವ ಲೋಹಗಳ ಲೇಪವಿರುತ್ತದೆಂಬುದು ಅವನಿಗೆ ತಿಳಿದಿತ್ತು, ನನಗೆ ತಿಳಿದಿರಲಿಲ್ಲ. ಹೊಗೆ ತಪಾಸಣೆಯ ಪ್ರಮಾಣಪತ್ರದ ವ್ಯವಸ್ಥೆಯನ್ನೂ ಅವನೇ ಮಾಡಿಸಿಕೊಟ್ಟ. ಕಾರು ಹುರುಪಿನಿಂದ ಓಡಿತು. ಆ ಹುರುಪಿನಲ್ಲಿ ಅರ್ಧ ಕೇವಲ ಸದ್ದು. ಸದ್ದು ಏರಿದುದನ್ನೇ ವೇಗ ಏರಿತೆಂದು ನಾನು ನಂಬಿದ್ದೆ. ಉಳಿದರ್ಧ, ಕಟ್ಟಿಕೊಂಡಿದ್ದ ದಾರಿ ತೆರೆದುದರ ಫಲ. ಹೊಸ ಕನ್ವರ್ಟರ್ ಹಾಕಿಸಿದ್ದರೂ ಆ ಫಲ ದೊರೆಯುತ್ತಿತ್ತು.

ಈ ನಂಬಿಕೆಗೆ ಒಂದು ಚರಿತ್ರೆಯೂ ಇದೆ. ಅಮೆರಿಕದಲ್ಲಿ 1970ರ ಶುದ್ಧ ವಾಯು ಕಾಯಿದೆಯ ತರುವಾಯ ಕಾರುಗಳ ಅಶ್ವಶಕ್ತಿ ಕುಸಿಯಿತೆಂದು ಅಲ್ಲಿನ ಜನ ಗೊಣಗಿದರು. ಅದು ಪೂರ್ತಿ ಸುಳ್ಳಲ್ಲ. ಸೀಸರಹಿತ ಪೆಟ್ರೋಲಿಗೆಂದು ಎಂಜಿನ್ನಿನ ಸಂಪೀಡನ ಪ್ರಮಾಣವನ್ನು ತಗ್ಗಿಸಲಾಯಿತು. ಆರಂಭದ ಉಪಕರಣಗಳು ಒರಟಾಗಿದ್ದವು. ಆದರೆ ಅದೇ ಹೊತ್ತಿನಲ್ಲಿ ಶಕ್ತಿಯನ್ನು ಅಳೆಯುವ ಕ್ರಮವೂ ಬದಲಾಯಿತು. ಬೆಂಚಿನ ಮೇಲೆ ಬರಿ ಎಂಜಿನ್ನನ್ನು ಓಡಿಸಿ ಅಳೆಯುತ್ತಿದ್ದವರು, ಸೈಲೆನ್ಸರ್ ಮೊದಲಾದ ಎಲ್ಲ ಅಂಗಗಳನ್ನೂ ಜೋಡಿಸಿ ಅಳೆಯತೊಡಗಿದರು. ಕುಸಿತದ ಒಂದು ಪಾಲು ಕಾಗದದ ಮೇಲಿನದು. ಇಂದಿನ ಪೆಟ್ರೋಲ್ ಕಾರಿನಲ್ಲಂತೂ ಹೊಗೆಯ ಆಮ್ಲಜನಕವನ್ನು ಸಂವೇದಕ ಅಳೆದು ಹೇಳಿದಂತೆ ಗಣಕವು ಇಂಧನವನ್ನು ಹದಗೊಳಿಸುತ್ತದೆ. ಈ ಕೊಂಡಿಯನ್ನು ಕೆಡಿಸಿದರೆ ಎಚ್ಚರಿಕೆಯ ದೀಪ ಹೊತ್ತಿಕೊಳ್ಳುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯಲೂಬಹುದು.

ಇಷ್ಟು ಹೇಳಿ "ಆದ್ದರಿಂದ ತೆಗೆಸಬೇಡ" ಎಂದು ಮುಗಿಸುವುದು ಸುಲಭ. ಸಂಚಾರ ಜಾಗೃತಿಯ ಭಾಷಣಗಳು ಹಾಗೆಯೇ ಮುಗಿಯುತ್ತವೆ. ನನಗೆ ಅದರಲ್ಲಿ ತೃಪ್ತಿಯಿಲ್ಲ. ಲಾಭವಿಲ್ಲವೆಂದು ಬಿಡುವುದು ವ್ಯಾಪಾರದ ವಿವೇಕ. ಅದಕ್ಕೆ ಧರ್ಮವಿಚಾರದ ಹಂಗಿಲ್ಲ. ಅಲ್ಲದೆ, ಲಾಭ ಎಂದೂ ಇಲ್ಲವೆನ್ನುವುದು ನಿಜವೂ ಅಲ್ಲ. ಡೀಸೆಲ್ ಎಂಜಿನ್ನಿನಲ್ಲಿ ಸುಟ್ಟ ಗಾಳಿಯ ಒಂದಂಶವನ್ನು ಮರಳಿ ಒಳಗೆ ಬಿಟ್ಟು, ದಹನದ ಉಷ್ಣತೆಯನ್ನು ತಗ್ಗಿಸಿ, ನೈಟ್ರೋಜನ್ ಆಕ್ಸೈಡುಗಳು ಹುಟ್ಟುವುದನ್ನು ಕಡಿಮೆ ಮಾಡುತ್ತಾರೆ. ಆ ದಾರಿಯನ್ನು ಮುಚ್ಚಿದರೆ ಎಂಜಿನ್ನಿನೊಳಗೆ ಮಸಿ ಕಟ್ಟುವುದು ಕಡಿಮೆಯಾಗುವುದು ನಿಜ. ಮಸಿ ಸೋಸುವ ಫಿಲ್ಟರನ್ನು ಕಿತ್ತರೆ ಹೊಗೆಗೆ ಇದ್ದ ತಡೆ ತಪ್ಪುವುದೂ ನಿಜ. ಜರ್ಮನಿಯ ಫೋಕ್ಸ್‌ವ್ಯಾಗನ್ ಸಂಸ್ಥೆಯ ಪ್ರಕರಣ 2015ರಲ್ಲಿ ಬಯಲಾಯಿತಷ್ಟೆ. ಪರೀಕ್ಷೆ ನಡೆಯುತ್ತಿದೆಯೆಂದು ಗುರುತಿಸಿದಾಗ ಮಾತ್ರ ಹೊಗೆ ನಿಯಂತ್ರಣವನ್ನು ಪೂರ್ಣವಾಗಿ ದುಡಿಸುವ ತಂತ್ರಾಂಶ ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಕಾರುಗಳಲ್ಲಿತ್ತು. ಅಮೆರಿಕದ ಪರಿಸರ ಇಲಾಖೆಯ ಮಾತಿನಂತೆ, ಬೀದಿಯಲ್ಲಿ ಆ ಕಾರುಗಳು ಮಿತಿಯ 40 ಪಟ್ಟಿನವರೆಗೂ ನೈಟ್ರೋಜನ್ ಆಕ್ಸೈಡುಗಳನ್ನು ಉಗುಳುತ್ತಿದ್ದವು. ಏನೂ ಲಾಭವಿರದಿದ್ದರೆ ಅಷ್ಟು ಬಲ್ಲ ಎಂಜಿನಿಯರುಗಳು ಅಷ್ಟು ದೊಡ್ಡ ಸುಳ್ಳನ್ನು ಹೊಸೆಯುತ್ತಿದ್ದರೇ?

ಆದಕಾರಣ ಪ್ರಶ್ನೆಯನ್ನು ಅದರ ಕಠಿಣ ರೂಪದಲ್ಲಿಯೇ ಎದುರಿಸಬೇಕು: ಲಾಭವಿದೆ, ಸಿಕ್ಕಿಬೀಳುವ ಭಯವೂ ಹೆಚ್ಚಿಲ್ಲ, ಆಗ ಏನು? ನಿರ್ಮಾಪಕರ ವಿನ್ಯಾಸವನ್ನು ಮಾರ್ಪಡಿಸಕೂಡದೆಂದು ಮೋಟಾರು ವಾಹನ ಕಾಯಿದೆಯ 52ನೆಯ ವಿಧಿ ಹೇಳುತ್ತದೆ. ಆದರೆ ನಮ್ಮ ಹೊಗೆ ತಪಾಸಣೆಯ ಯಂತ್ರ ಡೀಸೆಲ್ ವಾಹನದಲ್ಲಿ ನೋಡುವುದು ಹೊಗೆಯ ಕಪ್ಪನ್ನು. ನೈಟ್ರೋಜನ್ ಆಕ್ಸೈಡುಗಳನ್ನು ಅದು ಅಳೆಯುವುದೇ ಇಲ್ಲ. ಪ್ಲೇಟೋ ತನ್ನ 'ರಿಪಬ್ಲಿಕ್' ಗ್ರಂಥದಲ್ಲಿ ಗೈಜೀಸನ ಉಂಗುರದ ಕಥೆ ಹೇಳುತ್ತಾನೆ. ತೊಟ್ಟು ತಿರುಗಿಸಿದರೆ ಕಾಣದಂತಾಗುವ ಉಂಗುರ ಕೈಗೆ ಬಂದಾಗಲೂ ಮನುಷ್ಯ ನ್ಯಾಯವಂತನಾಗಿ ಉಳಿಯುವನೇ ಎಂಬುದು ಅಲ್ಲಿಯ ಪ್ರಶ್ನೆ. ಆ ಉಂಗುರ ಈಗ ಹೆದ್ದಾರಿಯ ಬದಿಯಲ್ಲಿ ಕೆಲವು ಸಾವಿರ ರೂಪಾಯಿಗಳಿಗೆ ದೊರೆಯುತ್ತಿದೆ.

"ನನ್ನೊಬ್ಬನ ಕಾರಿನಿಂದ ಏನಾದೀತು?" ಎಂದು ಹುಡುಗ ಕೇಳಿದ. ಒಬ್ಬನಿಂದ ಅಳೆಯಬಹುದಾದಷ್ಟು ಏನೂ ಆಗದು. ಇದನ್ನು ಒಪ್ಪಿಯೇ ಮುಂದುವರಿಯಬೇಕು. ಹಾಲಿನ ಕೊಳಕ್ಕೆ ಊರವರೆಲ್ಲ ಕತ್ತಲಲ್ಲಿ ಒಂದೊಂದು ಬಿಂದಿಗೆ ನೀರನ್ನು ಸುರಿದ ಕಥೆಯಲ್ಲಿ ಪ್ರತಿಯೊಬ್ಬನ ಲೆಕ್ಕವೂ ಸರಿಯಾಗಿಯೇ ಇತ್ತು. ಆದರೆ ನನ್ನ ಮನಸ್ಸಿಗೆ ನಾಟುವುದು ಒಟ್ಟು ಮೊತ್ತದ ಲೆಕ್ಕಕ್ಕಿಂತ ಹಂಚಿಕೆಯ ಲೆಕ್ಕ. ಆ ಉಪಕರಣವನ್ನು ನಾನು ಕಾರಿನೊಡನೆ ಹಣಕೊಟ್ಟು ಕೊಂಡಿದ್ದೆ. ಆದರೆ ಅದು ನನಗಾಗಿ ಇದ್ದುದಲ್ಲ. ಕಾರಿನಲ್ಲಿ ಮಿಕ್ಕೆಲ್ಲವೂ ಒಳಗೆ ಕುಳಿತವರಿಗಾಗಿ ಇವೆ, ಇದೊಂದು ಹೊರಗಿರುವವರಿಗಾಗಿ. ಅವರನ್ನು ಕೇಳದೆ ಅದನ್ನು ತೆಗೆಸಿದೆ. ಜೂಜುವಾಡಿಯಿಂದ ಅತ್ತಿಬೆಲೆಯವರೆಗೆ ಸಂಜೆ ವಾಹನಗಳು ಸಾಲುಗಟ್ಟಿ ನಿಂತಾಗ ನನ್ನ ಗಾಜು ಏರಿಸಿರುತ್ತಿತ್ತು. ಹೂವಿನ ಬುಟ್ಟಿ ಹಿಡಿದು ಕಾರುಗಳ ನಡುವೆ ಓಡಾಡುವ ಹೆಂಗಸಿಗೆ ಏರಿಸಲು ಗಾಜಿಲ್ಲ. ನಾಡಿನ ಗಡಿಯನ್ನು ತೋರಿಸಲು ಅಲ್ಲಿ ಫಲಕಗಳಿವೆ. ಹೊಗೆ ಯಾವ ಫಲಕವನ್ನೂ ಓದುವುದಿಲ್ಲ. ಕಾರಿಗೆ ಬಂದ ಹುರುಪು ಎಷ್ಟೇ ಅಲ್ಪವಾಗಿರಲಿ, ಅದು ಅವಳ ಉಸಿರಿನಿಂದ ಪಡೆದ ಸಾಲ, ಅದೂ ಅವಳಿಗೆ ತಿಳಿಯದಂತೆ ಪಡೆದದ್ದು. ಆ ಕಾರನ್ನು ಮಾರುವಾಗ ನಾನು ಈ ವಿಷಯವನ್ನು ಕೊಂಡವನಿಗೂ ಹೇಳಲಿಲ್ಲ.

ಇದನ್ನೆಲ್ಲ ಹುಡುಗನಿಗೆ ಹೇಳಿದೆ. ಕೇಳಿಸಿಕೊಂಡ, ಒಪ್ಪಿದನೆನ್ನಲಾರೆ. "ನೀವು ಆಗ ಸುಖವಾಗಿ ಓಡಿಸಿ ಈಗ ನನಗೆ ಹೇಳುತ್ತೀರಲ್ಲ ಮಾವ" ಎಂದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಅವನ ಕಾರಿನ ಫಿಲ್ಟರಿನ ದೀಪ ಉರಿಯುತ್ತಿದ್ದುದಕ್ಕೆ ಕಾರಣ ದಿನವೂ ಮನೆಯಿಂದ ಕಾರ್ಖಾನೆಗೆ ಮೂರು ನಾಲ್ಕು ಕಿಲೋಮೀಟರ್ ಮಾತ್ರ ಓಡುತ್ತಿದ್ದುದು. ಅಷ್ಟು ಓಟಕ್ಕೆ ಒಳಗಿನ ಮಸಿ ಸುಟ್ಟುಹೋಗುವಷ್ಟು ಕಾವು ಏರುವುದಿಲ್ಲ. ಮರುದಿನ ಭಾನುವಾರ ಇಬ್ಬರೂ ಕೃಷ್ಣಗಿರಿಯವರೆಗೆ ಒಂದೇ ವೇಗದಲ್ಲಿ ಹೋಗಿ ಬಂದೆವು. ಶೂಲಗಿರಿ ದಾಟುವಾಗ ದೀಪ ಆರಿತು. ಹಿಂದಿರುಗುವಾಗ ಚಹಾ ಕುಡಿಯಲು ನಿಲ್ಲಿಸಿದೆವು. ಮೆಕ್ಯಾನಿಕ್‌ನ ಫೋನು ಬಂತು. "ಈ ವಾರ ಬೇಡ ಅಣ್ಣಾ" ಎಂದು ಹುಡುಗ ಹೇಳಿದ.