ಕೊಡಲಿಗೆ ಹಾಕಿದ ಕಾವು

ನಮ್ಮ ಮೊಹಲ್ಲಾದ ಹುಡುಗನೊಬ್ಬ ಐ.ಟಿ.ಐ. ಫಿಟ್ಟರ್ ಮುಗಿಸಿ ವರ್ಷ ಕಳೆದರೂ ಮನೆಯಲ್ಲೇ ಇದ್ದ. ಪರಿಚಯದವರಿಗೆ ಹೇಳಿ ನಗರದ ಕಾರ್ಖಾನೆಯೊಂದರಲ್ಲಿ ಕೆಲಸ ಕೊಡಿಸಿದೆ. ಹದಿನೆಂಟನೇ ದಿನಕ್ಕೆ ಬಿಟ್ಟುಬಿಟ್ಟ. 'ಈಗಿನ ಹುಡುಗರಿಗೆ ಮೈ ಬಗ್ಗುವುದಿಲ್ಲ' ಎಂದು ಮಸೀದಿಯ ಅಂಗಳದಲ್ಲಿ ನಾಲ್ಕು ಜನರೆದುರು ಅಂದುಬಿಟ್ಟೆ.

ನಿಜ ತಿಳಿದದ್ದು ತಿಂಗಳ ನಂತರ, ಅವನ ತಾಯಿಯಿಂದ. ಬಸ್ಸಿಗೆ ದಿನಕ್ಕೆ ಅರವತ್ತು ರೂಪಾಯಿ. ಸಂಬಳ ಮುಂದಿನ ತಿಂಗಳು ಹತ್ತಕ್ಕೆ. ಎರಡು ವಾರ ಸಾಲ ಮಾಡಿ ಹೋದ. ಆಮೇಲೆ ಸಾಲ ಕೊಡುವವರೂ ಇರಲಿಲ್ಲ.

'ನನ್ನನ್ನು ಯಾಕೆ ಕೇಳಲಿಲ್ಲ ಬೇಟಾ?' ಎಂದೆ.

'ಕೆಲಸ ಕೊಡಿಸಿದವರ ಹತ್ತಿರ ದುಡ್ಡು ಬೇರೆ ಕೇಳೋದಾ, ಚಾಚಾ?' ಎಂದ.

ಅಬೂದಾವೂದ್ ಹದೀಸ್ ಸಂಗ್ರಹದ ಪ್ರಸಂಗವೊಂದು ನಮಗೆಲ್ಲ ಗೊತ್ತು. ಬೇಡಲು ಬಂದ ಅನ್ಸಾರಿಯೊಬ್ಬರ ಮನೆಯಲ್ಲಿದ್ದದ್ದು ಒಂದು ಕಂಬಳಿ, ಒಂದು ಬಟ್ಟಲು. ಪ್ರವಾದಿ(ಸ) ಅವನ್ನು ಎರಡು ದಿರ್ಹಮಿಗೆ ಹರಾಜು ಹಾಕಿದರು. ಒಂದು ದಿರ್ಹಮಿನಿಂದ ಮನೆಗೆ ಆಹಾರ, ಇನ್ನೊಂದರಿಂದ ಕೊಡಲಿ. ಕೊಡಲಿಗೆ ತಮ್ಮ ಕೈಯಿಂದಲೇ ಕಾವು ಹಾಕಿ, ಸೌದೆ ಕಡಿದು ಮಾರಿ ಹದಿನೈದು ದಿನಗಳ ನಂತರ ಬನ್ನಿ ಎಂದರು. ಅವರು ಹತ್ತು ದಿರ್ಹಮ್ ಸಂಪಾದಿಸಿ ಮರಳಿದರು.

ಬೇಡುವುದು ತಪ್ಪು, ದುಡಿಯುವುದು ಶ್ರೇಷ್ಠ ಎಂದು ಹೇಳಲು ನಾವು ಈ ಪ್ರಸಂಗವನ್ನು ಬಳಸುತ್ತೇವೆ. ಆದರೆ ಮೊದಲ ದಿರ್ಹಮ್ ಹೋದದ್ದು ಎಲ್ಲಿಗೆ? ಕೊಡಲಿಗಲ್ಲ, ಮನೆಯ ಒಲೆಗೆ. ದುಡಿಮೆ ಫಲ ಕೊಡುವವರೆಗಿನ ಹಸಿವಿಗೆ ಮೊದಲು ದಾರಿ ಮಾಡಿ, ಆಮೇಲೆ ಆಯುಧ ಕೊಟ್ಟರು. ನಾನು ಕೊಡಲಿ ಕೊಡಿಸಿದ್ದೆ. ಆ ಮೊದಲ ದಿರ್ಹಮನ್ನು ಮರೆತಿದ್ದೆ.

ಹುಡುಗನದೂ ತಪ್ಪಿದೆ. ಮೇಸ್ತ್ರಿಗೆ ಒಂದು ಮಾತು ಹೇಳದೆ ಬಿಟ್ಟ. ಆದರೆ ಕೇಳಲು ನಾಚುವಂತೆ ಅವನನ್ನು ಬೆಳೆಸಿದವರು ನಾವೇ ಅಲ್ಲವೇ? ಕರ್ನಾಟಕ ಸರ್ಕಾರ 2023ರಲ್ಲಿ ತಂದ ಯುವನಿಧಿ ಪದವೀಧರರಿಗೆ, ಡಿಪ್ಲೊಮಾದವರಿಗೆ. ಕೆಲಸ ಸಿಕ್ಕಿದರೆ ಅದೂ ನಿಲ್ಲುತ್ತದೆ. ಕೆಲಸ ಸಿಕ್ಕ ದಿನದಿಂದ ಮೊದಲ ಸಂಬಳದವರೆಗಿನ ಹೊಳೆ ದಾಟಿಸುವವರು ಯಾರು?

ಐ.ಎ.ಎಸ್. ಅಧಿಕಾರಿಗಳಲ್ಲಿ ಮುಸ್ಲಿಮರು ಶೇಕಡಾ 3 ಎಂದು 2006ರಲ್ಲಿ ಸಾಚಾರ್ ವರದಿ ತೋರಿಸಿದಾಗ ನಾವು ಊರೂರಲ್ಲಿ ಭಾಷಣ ಮಾಡಿದೆವು. ಮಾಡಬೇಕಾದದ್ದೇ. ಆದರೆ ಅರವತ್ತು ರೂಪಾಯಿಗೆ ಯಾವ ವರದಿಯನ್ನೂ ಕಾಯಬೇಕಾಗಿಲ್ಲ. ಮಸೀದಿಯ ಜಮಾಅತ್ ಕೆಲಸಕ್ಕೆ ಸೇರಿದವರಿಗೆ ನಲವತ್ತು ದಿನದ ಕರ್ಜೆ ಹಸನ ಕೊಡಬಹುದು. ಹದಿನೈದನೇ ದಿನ ಯಾರಾದರೊಬ್ಬರು 'ಹೇಗಿದೆ ಕೆಲಸ?' ಎಂದು ಕೇಳಬಹುದು.

ಅಂಗಳದಲ್ಲಿ ಅಂದ ಮಾತನ್ನು ಅದೇ ಅಂಗಳದಲ್ಲಿ ಹಿಂತೆಗೆದುಕೊಂಡೆ. ಹುಡುಗ ತಲೆ ತಗ್ಗಿಸಿ ಕೇಳಿಸಿಕೊಂಡ. ಆ ಕೆಲಸ ಮಾತ್ರ ಬೇರೆಯವರ ಪಾಲಾಗಿತ್ತು.