16 ಗಂಟೆಯಲ್ಲಿ ಎಷ್ಟು ದೂರ?



ಕಳೆದ ಭಾನುವಾರ ಅಧ್ಯಯನ ಮುಗಿಸಿ ಚಹಾ ಕುಡಿಯುವಾಗ ನಮ್ಮ ಹಿರಿಯ ಉಪಾಸಕರೊಬ್ಬರು ಕೇಳಿದರು: "ಮಗಳಿಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೆಲಸ ಸಿಕ್ಕಿದೆ ಸರ್. ಅಷ್ಟು ದೂರ ಹೋದ ಮೇಲಾದರೂ ಯಾರೂ ಜಾತಿ ಕೇಳಲ್ಲ ಅಲ್ವಾ?"

ದೂರವೇನೋ ಹೌದು. ಬೆಂಗಳೂರಿನಿಂದ ಅಲ್ಲಿಗೆ ಸುಮಾರು 14,000 ಕಿ.ಮೀ. ಭೂಮಿ ಗುಂಡಗಿರುವುದರಿಂದ ಅತಿ ಹತ್ತಿರದ ದಾರಿ ಉತ್ತರ ಧ್ರುವದ ಕಡೆಯಿಂದ ಹೋಗುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಧ್ರುವದ ಮೇಲಿನಿಂದಲೇ ಅಲ್ಲಿಂದ ಬೆಂಗಳೂರಿಗೆ ವಿಮಾನ ತಂದಿಳಿಸಿದರು. ಗಾಳಿ ಹಿಂದಿನಿಂದ ತಳ್ಳಿದರೆ ಸುಮಾರು 16 ಗಂಟೆ, ಇಲ್ಲದಿದ್ದರೆ 17ರ ಮೇಲೆ. ಬೇಸಿಗೆಯಲ್ಲಿ ಅಲ್ಲಿನ ಗಡಿಯಾರ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ಮಧ್ಯಾಹ್ನ 2ಕ್ಕೆ ಹತ್ತಿ 16 ಗಂಟೆ ಹಾರಿದರೆ ಅದೇ ದಿನ ಸಂಜೆ 5.30ಕ್ಕೆ ಇಳಿಯುತ್ತಾಳೆ. ಅಪ್ಪನ ಲೆಕ್ಕದಲ್ಲಿ ರಾತ್ರಿಯೇ ಕಳೆದಿರುತ್ತದೆ, ಮಗಳಿಗೆ ಇನ್ನೂ ಸಂಜೆ!

ರೋಹಿತಸ್ಸ ಸುತ್ತದಲ್ಲಿ ಇಂಥದೇ ವೇಗದ ಋಷಿಯೊಬ್ಬನಿದ್ದಾನೆ. ಮೂಡಲ ಕಡಲಿನಿಂದ ಪಡುವಣ ಕಡಲಿಗೆ ಅವನದು ಒಂದೇ ಹೆಜ್ಜೆ. (ಪವಾಡದ ಭಾಗ ನಮಗೆ ಬೇಡ, ಬಿಡಿ.) ಲೋಕದ ಕೊನೆ ಮುಟ್ಟುತ್ತೇನೆಂದು ನೂರು ವರ್ಷ ನಡೆದು ದಾರಿಯಲ್ಲೇ ಸತ್ತ. ಲೋಕದ ಕೊನೆಯನ್ನು ನಡೆದು ಮುಟ್ಟಲಾಗದು, ಅದನ್ನು ಅರಿವಿರುವ ಈ ಮಾರುದ್ದದ ದೇಹದಲ್ಲೇ ಕಾಣಬೇಕು ಎಂದರು ಭಗವಾನರು.

ಈ ಕಥೆ ಹೇಳಿ "ಎಲ್ಲ ನಿಮ್ಮ ಮನಸ್ಸಿನಲ್ಲೇ ಇದೆ" ಎಂದು ಮುಗಿಸುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಹೊರದೇಶದಲ್ಲಿದ್ದ ವರ್ಷಗಳು ತಾನು ಅಸ್ಪೃಶ್ಯ ಎಂಬ ನೆನಪನ್ನೇ ಅಳಿಸಿಹಾಕಿದ್ದವು ಎಂದು ಬಾಬಾಸಾಹೇಬರೇ ಬರೆದಿದ್ದಾರೆ. ದೂರ ಏನೂ ಮಾಡಲಿಲ್ಲ ಅನ್ನೋಣ ಹೇಗೆ? ಆದರೆ 1917ರಲ್ಲಿ ಅವರು ಬರೋಡಕ್ಕೆ ಬಂದಾಗ ಪಾರ್ಸಿ ಛತ್ರದಿಂದ ದೊಣ್ಣೆ ಹಿಡಿದವರು ಹೊರಹಾಕಿದರು. ಸಾರ್ವಜನಿಕ ತೋಟದಲ್ಲಿ ಕೂತು, ರಾತ್ರಿ ರೈಲು ಹತ್ತಿ ಮುಂಬೈಗೆ ಮರಳಿದರು. ಆ ದೊಣ್ಣೆಗಳು ಅವರ ಮನಸ್ಸಿನಲ್ಲಿ ಇದ್ದವೇ? ಒಬ್ಬನೇ ಇರುವವನಿಗೆ ಧಮ್ಮ ಬೇಕಿಲ್ಲ, ಇಬ್ಬರಾದರೆ ಬೇಕೇ ಬೇಕು ಎಂದು ಅವರು ವಿವರಿಸಿದ್ದು ಇದಕ್ಕೇ. ದುಃಖ ಇಬ್ಬರ ನಡುವೆಯೂ ಹುಟ್ಟುತ್ತದೆ.

ಈಗ ಆ ನಡುವಿನ ಜಾಗವೂ ವಿಮಾನ ಹತ್ತಿದೆ. ಜಾತಿ ತಾರತಮ್ಯ ತಡೆಯುವ ಮಸೂದೆಯನ್ನು 2023ರಲ್ಲಿ ಕ್ಯಾಲಿಫೋರ್ನಿಯಾದ ಶಾಸನಸಭೆ ಒಪ್ಪಿತು. ಇರುವ ಕಾನೂನೇ ಸಾಕೆಂದು ಗವರ್ನರ್ ತಡೆದರು. ಅಲ್ಲಿಯೂ ಯಾರೂ ನೇರವಾಗಿ ಕೇಳಲಿಕ್ಕಿಲ್ಲ. ನಿಮ್ಮದು ಯಾವ ಊರು, ಮನೆದೇವರು ಯಾವುದು, ವೆಜ್ಜಾ? ಇಷ್ಟು ಸಾಕು.

ಉಪಾಸಕರಿಗೆ ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಕೇಳಿದಾಗ ಏನು ಹೇಳಬೇಕು? ಮುಚ್ಚಿಟ್ಟರೆ ನಾಲ್ಕನೇ ಶೀಲ ಮುರಿದಂತಲ್ಲವೇ?" ಎಂದರು.

ಬೌದ್ಧಳು ಎಂದರೆ ಸುಳ್ಳಲ್ಲ ಎಂದೆ. ಕೆಣಕುವುದಕ್ಕೆಂದೇ ಕೇಳುವವರಿಗೆ ಉತ್ತರ ಕೊಡದಿರುವುದೂ ಸುಳ್ಳಲ್ಲ. ಆದರೆ ಭಯದಿಂದ ಬೇರೆ ಜಾತಿಯ ಹೆಸರು ಹೇಳಿಬಿಟ್ಟರೆ? ಅಲ್ಲಿ ನಾನೂ ತಡವರಿಸಿದೆ. ತಪ್ಪು ಹೇಳಿದವಳದೋ, ಹಾಗೆ ಹೇಳಿಸಿದವರದೋ? ಬರುವ ಭಾನುವಾರ ಇದನ್ನೇ ಎತ್ತಿಕೊಳ್ಳೋಣ. ಅವಳೂ ಬರುತ್ತಾಳಂತೆ, ಟಿಕೆಟ್ ಅದರ ಮುಂದಿನ ವಾರಕ್ಕೆ.